ಲಿಂಗ ಮುಟ್ಟಿಸಿ ಕೊಟ್ಟ ನಾಯಿ

ಸೇಡಂನಲ್ಲಿ ಎಮ್ಮೆಗೆ ಕೆಚ್ಚಲು ಬಾವು ಬಂದರೆ ಸರಕಾರಿ ಪಶು ಆಸ್ಪತ್ರೆಗೆ ಹೋಗುತ್ತಾರೆ, ಮನುಷ್ಯರಿಗೆ ಜ್ವರ ಇಳಿಯದಿದ್ದರೆ ಬಸ್ಸು ಹತ್ತಿ ಕಲಬುರಗಿಗೆ ಹೋಗುತ್ತಾರೆ, ಮುಧೋಳ ನಾಯಿಯ ಕಾಲು ಮುರಿದರೆ ಮಾತ್ರ ಮಡಿವಾಳಯ್ಯನ ಮನೆಯ ಹಿತ್ತಲಿಗೆ ಬರುತ್ತಾರೆ. ಬರುತ್ತಾರೆ ಅನ್ನುವುದೂ ದೊಡ್ಡ ಮಾತೇ. ಹೆಚ್ಚಿನವರು ಮುಖ ತೋರಿಸುವುದಿಲ್ಲ, ನಾಯಿಯನ್ನು ಬೇಲಿಯ ಕಂಬಕ್ಕೆ ಕಟ್ಟಿ ಬೈಕ್ ತಿರುಗಿಸಿಬಿಡುತ್ತಾರೆ.

ಮಡಿವಾಳಯ್ಯ ಮೂವತ್ತೊಂದು ವರ್ಷ ಪಶು ಆಸ್ಪತ್ರೆಗಳಲ್ಲಿ ಕಂಪೌಂಡರ್ ಆಗಿದ್ದವನು. ಚಿಂಚೋಳಿಯಲ್ಲಿ ಶುರುವಾಗಿ, ಚಿಮ್ಮನಚೋಡದಲ್ಲಿ ಒಂಬತ್ತು ವರ್ಷ ಕಳೆದು, ಚಿತ್ತಾಪುರ ಮುಗಿಸಿ, ಕಡೆಗೆ ಸೇಡಂನಲ್ಲಿ ನಿವೃತ್ತಿ. ಉಳಿದವರು ನಿವೃತ್ತಿಯಾದ ಮೇಲೆ ಶ್ರೀಶೈಲಕ್ಕೆ ಹೋಗುತ್ತಾರೆ, ಮಠದ ಕಟ್ಟೆಯ ಮೇಲೆ ಕೂತು ಊರ ಉಸಾಬರಿ ಮಾಡುತ್ತಾರೆ. ಈತ ಹಿತ್ತಲಲ್ಲಿ ತಗಡಿನ ಶೆಡ್ ಹಾಕಿಸಿ, ಮಂದಿ ಎಸೆದುಹೋದ ಬೇಟೆನಾಯಿಗಳ ಸೇವೆಗೆ ನಿಂತ. ಜಂಗಮರ ಮನೆಯಲ್ಲಿ ಇದೆಂಥ ಪೂಜೆ ಅಂತ ಓಣಿಯವರು ನಕ್ಕರು. ಹೆಂಡತಿ ಬಸವೇಶ್ವರಿ ನಗಲಿಲ್ಲ. ನಾಯಿಗೆ ಮೊಟ್ಟೆ ಬೇಕೇ ಬೇಕು ಅಂತ ಗೊತ್ತಾದ ದಿನ ಆಕೆ ಹೇಳಿದ್ದು ಒಂದೇ ಮಾತು: ಮೊಟ್ಟೆ ಈ ಮನೆಯ ಹೊಸ್ತಿಲು ದಾಟಿ ಒಳಗೆ ಬಂದರೆ ತಾನು ಹೊಸ್ತಿಲು ದಾಟಿ ಹೊರಗೆ ಹೋಗುತ್ತೇನೆ. ಹಾಗಾಗಿ ಮಡಿವಾಳಯ್ಯ ಶೆಡ್ಡಿನಲ್ಲೇ ಒಂದು ಪಂಪಿನ ಸ್ಟೋವ್ ಇಟ್ಟುಕೊಂಡು, ಮೂಗಿಗೆ ಶಲ್ಯ ಸುತ್ತಿ, ಹಣೆಯ ತುಂಬ ವಿಭೂತಿ ಬಳಿದುಕೊಂಡು ಮೊಟ್ಟೆ ಬೇಯಿಸುತ್ತಿದ್ದ. ಅದನ್ನು ನೋಡಿದವರು ಆ ದಿನವೆಲ್ಲ ನಗುತ್ತಿದ್ದರು. ಜೋಳದ ನುಚ್ಚು, ಮಜ್ಜಿಗೆಗಳನ್ನು ಮಾತ್ರ ಬಸವೇಶ್ವರಿಯೇ ತಂದು ಕೊಡುತ್ತಿದ್ದಳು, ಅದೂ ಒಂದು ಹೊತ್ತು ತಪ್ಪದೆ.

ಮುಧೋಳ ನಾಯಿಯೇ ಯಾಕೆ, ಬೀದಿಯಲ್ಲಿ ಬೇರೆ ನಾಯಿ ಇಲ್ಲವೇ ಅಂತ ಯಾರಾದರೂ ಕೇಳಿದರೆ ಮಡಿವಾಳಯ್ಯನಿಗೆ ಸಿಟ್ಟು ಬರುತ್ತಿತ್ತು. ಬೀದಿನಾಯಿಗೆ ಊರೇ ಮನೆ, ನಾಲ್ಕು ಬಾಗಿಲಿಗೆ ನಿಂತರೆ ಒಂದರಲ್ಲಿ ರೊಟ್ಟಿ ಸಿಗುತ್ತದೆ. ಈ ಜಾತಿ ಹಾಗಲ್ಲ. ಮೈಮೇಲೆ ಚೂರು ಕೊಬ್ಬಿಲ್ಲ, ಚಳಿ ತಾಳುವ ಕೂದಲಿಲ್ಲ, ಕಸದಲ್ಲಿ ಹೆಕ್ಕಿ ತಿನ್ನುವ ಚಾಲಾಕಿತನವಿಲ್ಲ. ಬರುವುದು ಒಂದೇ ವಿದ್ಯೆ, ಓಡುವುದು. ತೊಗರಿ ರಾಶಿ ಮುಗಿದು ಹೊಲಗಳು ಬಯಲಾದವೆಂದರೆ ಪಡ್ಡೆ ಹುಡುಗರು ಕಳ್ಳಬೇಟೆಗೆ ಇವನ್ನು ಮೊಲದ ಹಿಂದೆ ಬಿಡುತ್ತಾರೆ. ನಮ್ಮ ಕಡೆಯ ಬಯಲೆಂದರೆ ನಂಬಬೇಡಿ. ಶಹಾಬಾದಿನಿಂದ ಸೇಡಂವರೆಗೆ ಭೂಮಿಯೊಳಗೆ ಬರೀ ನೆಲಕ್ಕೆ ಹಾಸುವ ಫರಸಿಕಲ್ಲು. ಕಲ್ಲು ತೆಗೆದು ಬಿಟ್ಟುಹೋದ ಖಣಿಗಳು ಎಲ್ಲೆಂದರಲ್ಲಿ ಬಾಯಿ ತೆರೆದುಕೊಂಡಿವೆ, ಒಂದಕ್ಕೂ ಬೇಲಿಯಿಲ್ಲ. ಮೊಲಕ್ಕೆ ಖಣಿಯ ಅಂಚು ಗೊತ್ತು, ಸರಕ್ಕನೆ ತಿರುಗಿಬಿಡುತ್ತದೆ. ನಾಯಿಗೆ ಮೊಲದ ಬೆನ್ನಲ್ಲದೆ ಬೇರೇನೂ ಕಾಣುವುದಿಲ್ಲ. ಆರು ವರ್ಷದಲ್ಲಿ ಮಡಿವಾಳಯ್ಯ ಖಣಿಗಳಿಂದ ಮೇಲೆತ್ತಿದ ನಾಯಿಗಳಲ್ಲಿ ಅರ್ಧಕ್ಕರ್ಧ ಅವನ ತೊಡೆಯ ಮೇಲೇ ಸತ್ತಿದ್ದವು.

ಬಿಜಲಿ ಬಂದದ್ದೂ ಅಂಥದೇ ಒಂದು ಖಣಿಯಿಂದ. ಹೋದ ವರ್ಷದ ಮಾಘ ಮಾಸ. ಶಹಾಬಾದಿನ ಚಾಂದ್ ಫರಸಿಕಲ್ಲು ಸಾಗಿಸುವ ಟೆಂಪೋದ ಡ್ರೈವರ್, ನಲವತ್ತರ ಆಸುಪಾಸಿನ ಗಂಡಸು, ಬಾಯಿ ತುಂಬ ತಂಬಾಕು, ಎದೆ ತುಂಬ ಕನಿಕರ. ಖಣಿಯ ತಳದಲ್ಲಿ ಎರಡು ದಿನದಿಂದ ನಾಯಿಯೊಂದು ನರಳುತ್ತಿದೆ ಅಂತ ಕೂಲಿಯವರು ಹೇಳಿದ್ದಕ್ಕೆ ಆತನೇ ಇಳಿದು, ಲುಂಗಿಯಲ್ಲಿ ಸುತ್ತಿ, ಕಲ್ಲಿನ ಮೇಲೆ ಹುಲ್ಲು ಹಾಸಿ ಮಲಗಿಸಿಕೊಂಡು ತಂದ. ಎರಡು ವರ್ಷದ ಹೆಣ್ಣು ನಾಯಿ, ಹುಣಸೆಬೀಜದ ಬಣ್ಣ. ಮುಂಗಾಲು ಎರಡು ಕಡೆ ಮುರಿದು ಎಲುಬು ಹೊರಗೆ ಬಂದಿತ್ತು. ಅದರ ಹಿಂದೆ ಬೇಟೆಗೆ ಹೋಗಿದ್ದವರು ಅಂಚಿನಲ್ಲಿ ನಿಂತು ಇಣುಕಿ ನೋಡಿ ಹೋಗಿದ್ದರಂತೆ. ಚಾಂದ್ ದಾರಿಯುದ್ದಕ್ಕೂ ಅದಕ್ಕೆ ಬಿಜಲಿ ಬಿಜಲಿ ಅಂತ ಕರೆದು ಮಾತಾಡಿಸಿದ್ದ, ಅದೇ ಹೆಸರಾಯಿತು.

ಕಲಬುರಗಿಯ ಡಾಕ್ಟರು ಕಾಲೊಳಗೆ ಉಕ್ಕಿನ ಸಳಿ ಹಾಕಿ, ಬದುಕಿದರೆ ನಿಮ್ಮ ಪುಣ್ಯ ಅಂತ ಕಳಿಸಿದರು. ಆಮೇಲಿನ ಐದು ತಿಂಗಳು ಮಡಿವಾಳಯ್ಯನ ಕೈಯಲ್ಲಿ. ದಿನ ಬಿಟ್ಟು ದಿನ ಪಟ್ಟಿ ಬದಲಿಸುವುದು, ಔಡಲ ಎಣ್ಣೆ ಕಾಯಿಸಿ ತಿಕ್ಕುವುದು, ಬೆಳಗಿನ ಹೊತ್ತು ಕಾಗಿಣಾ ನದಿಗೆ ಒಯ್ದು ಮೊಳಕಾಲುದ್ದ ನೀರಿನಲ್ಲಿ ನಡೆಸುವುದು. ಧೋತರ ಎತ್ತಿ ಕಟ್ಟಿಕೊಂಡು, ನಾಯಿಯ ಹೊಟ್ಟೆಗೆ ಹೆಂಡತಿಯ ಹಳೆ ಸೀರೆಯ ಜೋಲಿ ಹಾಕಿ ಹಿಡಿದುಕೊಂಡು ಆತ ನದಿಯಲ್ಲಿ ಹಿಂದೆ ಮುಂದೆ ಓಡಾಡುವುದನ್ನು ಬಟ್ಟೆ ಒಗೆಯುವ ಹೆಂಗಸರು ನೋಡಿ, ಅಯ್ಯನೋರು ಮೊಮ್ಮಗಳಿಗೆ ನಡಿಗೆ ಕಲಿಸಲಿಕತ್ತಾರ ಅನ್ನುತ್ತಿದ್ದರು. ಆತನಿಗೆ ಮೊಮ್ಮಕ್ಕಳಿರಲಿಲ್ಲ. ಆ ಮಾತಿನಿಂದ ಆತನಿಗೆ ಖುಷಿಯೇ ಆಗುತ್ತಿತ್ತು.

ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ರೈಲುಹಳಿಯ ಪಕ್ಕದ ಬಯಲಲ್ಲಿ ಹಗ್ಗ ಬಿಟ್ಟ. ಬಿಜಲಿ ಎರಡು ಹೆಜ್ಜೆ ಕುಂಟಿದಳು, ನಿಂತಳು, ಮೂಗೆತ್ತಿ ಗಾಳಿ ನೋಡಿದಳು. ಆಮೇಲೆ ಓಡಿದಳು. ಮುರಿದ ಕಾಲು ಯಾವುದು, ಒಳ್ಳೆಯದು ಯಾವುದು ಅಂತ ಹೇಳಲಾಗದಂಥ ಓಟ. ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಟ್ಟು, ಮೈಯೆಲ್ಲ ಉದ್ದವಾಗಿ, ಕಣ್ಣು ಪಿಳುಕಿಸುವುದರಲ್ಲಿ ಬಯಲಿನ ಆ ಕಡೆಗಿದ್ದಳು. ಬೇರೆ ಯಾರಾದರೂ ಆಗಿದ್ದರೆ ಚಪ್ಪಾಳೆ ತಟ್ಟುತ್ತಿದ್ದರು. ಮಡಿವಾಳಯ್ಯನಿಗೆ ಮಾತ್ರ ಎದೆ ಹೊಡೆದುಕೊಂಡಿತು. ಆ ಕಡೆ ಎಷ್ಟು ದೂರಕ್ಕೆ ಖಣಿ ಇದೆಯೋ ಅನ್ನುವುದೊಂದೇ ಯೋಚನೆ. ಕೂಗಿ ಕೂಗಿ ಗಂಟಲು ಹರಿಯಿತು. ಆಕೆ ತಿರುಗಿ ಬಂದು ಎದೆಗೆ ಕಾಲಿಟ್ಟು ಮುಖ ನೆಕ್ಕುವಾಗಲೂ ಆತ ನಡುಗುತ್ತಲೇ ಇದ್ದ. ಇನ್ನು ಈಕೆಯನ್ನು ಖಣಿಗೆ ಬಲಿ ಕೊಡುವುದಿಲ್ಲ ಅಂತ ಅವತ್ತೇ ಗಟ್ಟಿ ಮಾಡಿಕೊಂಡ.

ನಾಯಿ ಕೊಡುವುದಕ್ಕೆ ಮಡಿವಾಳಯ್ಯನದು ಒಂದು ಕಟ್ಟು ಇತ್ತು. ಒಯ್ಯುವವರು ಕೊರಳಿನ ಲಿಂಗ ಮುಟ್ಟಿ ಆಣೆ ಮಾಡಬೇಕು: ಬೇಟೆಗೆ ಒಯ್ಯುವುದಿಲ್ಲ, ಮೊಲದ ಹಿಂದೆ ಓಡಲು ಬಿಡುವುದಿಲ್ಲ. ಲಿಂಗ ಕಟ್ಟದವರು ಏನು ಮುಟ್ಟಬೇಕು ಅಂತ ಚಾಂದ್ ಒಮ್ಮೆ ಹಲ್ಲು ಕಿಸಿದು ಕೇಳಿದ್ದ. ಅವರವರ ದೇವರು ಅವರಿಗೆ ಅಂತ ಮಡಿವಾಳಯ್ಯ ಹೇಳಿದನಾದರೂ, ಕೊಟ್ಟ ಹತ್ತು ನಾಯಿಗಳೂ ಲಿಂಗವಂತರ ಮನೆಗೇ ಹೋಗಿದ್ದವು. ಜಾತಿ ನೋಡುವುದಿಲ್ಲ ಅಂತ ಆತ ನಿಜವಾಗಿಯೂ ನಂಬಿದ್ದ. ಒಳ್ಳೆಯವರ ತೊಂದರೆಯೇ ಅದು, ತಮ್ಮ ಕಣ್ಣಿನ ಪೊರೆ ತಮಗೆ ಕಾಣದು.

ಇನ್ನೊಂದು ಕಟ್ಟು, ಕೊಟ್ಟ ಮೇಲೆ ಹೋಗಿ ನೋಡಬಾರದು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರಲ್ಲ, ಹಾಗೆ. ಬಸವೇಶ್ವರಿ ಮೊದಲಿಗೆ ಚೇಷ್ಟೆಗೆಂದು ಶುರು ಮಾಡಿದ್ದು ಆಮೇಲೆ ಪದ್ಧತಿಯೇ ಆಗಿತ್ತು. ಹೋಗುವ ನಾಯಿಯ ಹಣೆಗೆ ವಿಭೂತಿ ಹಚ್ಚಿ, ಒಯ್ಯುವವರ ಸೆರಗಿಗೋ ಟವೆಲಿಗೋ ಒಂದು ಹಿಡಿ ಜೋಳ ಹಾಕಿ ಉಡಿ ತುಂಬಿ ಕಳಿಸುವುದು. ಉಡಿ ತುಂಬಿ ಕಳಿಸಿದ ಮನೆಗೆ ತವರಿನವರು ಪದೇಪದೇ ಎಡತಾಕಿದರೆ ಮರ್ಯಾದೆಯಲ್ಲ. ಆಣೆ ಮಾಡಿಸಿ ಕೊಟ್ಟಮೇಲೆ ಹೋಗಿ ನೋಡುವುದೆಂದರೆ ಅವರ ಲಿಂಗವನ್ನೇ ಅನುಮಾನಿಸಿದ ಹಾಗೆ.

ಬಿಜಲಿಯನ್ನು ಕೇಳಿಕೊಂಡು ಮೊದಲು ಬಂದವನು ದಂಡೋತಿಯ ಸಿದ್ದಣ್ಣ. ಅಂಬಿಗರವನು. ಕಾಗಿಣಾ ದಂಡೆಯಲ್ಲಿ ಎರಡೆಕರೆ ಹೊಲ, ಮಳೆಗಾಲದಲ್ಲಿ ಮೀನು. ಹೋದ ವರ್ಷ ಅವನ ನಾಯಿ ಮುಪ್ಪಾಗಿ ಸತ್ತಿತ್ತು. ಬಸ್ಸಿಳಿದು ಬಂದವನು ಮಡಿವಾಳಯ್ಯನಿಗೆ ಕೈಮುಗಿದು, ಶೆಡ್ಡಿನ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತ. ನಾಯಿಯನ್ನು ಕರೆಯಲಿಲ್ಲ, ಅದರ ಕಡೆ ನೋಡಲೂ ಇಲ್ಲ. ಸ್ವಲ್ಪ ಹೊತ್ತಿಗೆ ಬಿಜಲಿಯೇ ಎದ್ದು ಹೋಗಿ ಅವನ ಮೊಳಕಾಲ ಮೇಲೆ ಗದ್ದ ಇಟ್ಟಳು. ಅವನು ಸಳಿ ಹಾಕಿದ ಕಾಲನ್ನು ಮೇಲಿಂದ ಕೆಳಗೆ ಮೆತ್ತಗೆ ತಡವಿ, ಕೆಲಸ ಛಲೋ ಆಗ್ಯಾದ್ರಿ ಅಂದ. ಮಡಿವಾಳಯ್ಯನಿಗೆ ಹೊಗಳಿಕೆ ಹಿತವಾಯಿತು. ಆದರೂ ಬೇಟೆಗೆ ಹೋಗುತ್ತೀಯೇನು ಅಂತ ಕೇಳಿದ.

ಸಿದ್ದಣ್ಣ ಸುಳ್ಳು ಹೇಳಲಿಲ್ಲ. ಹಿಂದೆ ಹೋಗುತ್ತಿದ್ದೆ, ಅಪ್ಪನ ಕಾಲದಿಂದ ಬಂದದ್ದು, ಈಗ ಬಿಟ್ಟಿದ್ದೇನೆ, ಈ ಕಾಲಿನ ನಾಯಿಯನ್ನು ಅಂತೂ ಒಯ್ಯುವುದಿಲ್ಲ ಅಂದ. ಹಾಗಿದ್ದರೆ ನಿನ್ನ ದೇವರ ಮೇಲೆ ಆಣೆ ಮಾಡು, ಮೊಲದ ಹಿಂದೆ ಓಡಲು ಬಿಡುವುದಿಲ್ಲ ಅನ್ನು ಅಂತ ಮಡಿವಾಳಯ್ಯ ಪಟ್ಟು ಹಿಡಿದ. ಸಿದ್ದಣ್ಣ ನಾಯಿಯ ಕಿವಿ ಸವರಿದ.

"ನಂದು ನಾ ಆಣಿ ಮಾಡ್ತೀನ್ರಿ ಅಯ್ಯನೋರೆ. ಖರೇ ಓಡೋದು ಅದರದು. ಅದರ ಪರವಾಗಿ ನಾ ಹ್ಯಾಂಗ ಆಣಿ ಮಾಡ್ಲಿ?"

ಮಡಿವಾಳಯ್ಯನಿಗೆ ಇದು ಉಡಾಫೆಯ ಮಾತಾಗಿ ಕೇಳಿಸಿತು. ಕೊಡುವುದಿಲ್ಲ ಅಂದುಬಿಟ್ಟ. ಸಿದ್ದಣ್ಣ ವಾದ ಮಾಡಲಿಲ್ಲ. ಬಸವೇಶ್ವರಿ ಕೊಟ್ಟ ಚಹಾ ಕುಡಿದು, ಲೋಟ ತೊಳೆದಿಟ್ಟು, ಬಂದ ಬಸ್ಸಿಗೇ ವಾಪಸು ಹೋದ. ಬಿಜಲಿ ಬೇಲಿಯವರೆಗೆ ಅವನ ಹಿಂದೆ ಹೋಗಿ ಬಂದಳು. ಆ ಮನುಷ್ಯ ಛಲೋ ಇದ್ದ ಅಂತ ಬಸವೇಶ್ವರಿ ಎರಡು ಸಲ ಅಂದಳು. ಎರಡನೇ ಸಲಕ್ಕೆ ಮಡಿವಾಳಯ್ಯ ರೇಗಿದ.

ಹದಿನೈದು ದಿನಕ್ಕೆ ವಾಡಿಯ ಕಾಶೀನಾಥ ಬಂದ. ಊರ ಹೊರಗೆ ಶಹಾಬಾದ್ ರಸ್ತೆಗೆ ಫರಸಿಕಲ್ಲು ಪಾಲಿಶ್ ಮಾಡುವ ಕಾರ್ಖಾನೆ ಇಟ್ಟವನು. ಹಣೆ ತುಂಬ ವಿಭೂತಿ, ಮಾತಿಗೊಮ್ಮೆ ಶರಣು, ಕುಡಿತವಿಲ್ಲ, ಬೀಡಿಯಿಲ್ಲ, ದಿನಾ ಎರಡು ಹೊತ್ತು ಲಿಂಗಪೂಜೆ. ಮೋಸಗಾರನಾಗಿದ್ದರೆ ಈ ಕತೆ ಹೇಳುವುದು ಸುಲಭವಾಗುತ್ತಿತ್ತು. ಆತ ಮೋಸಗಾರನಲ್ಲ. ಕೊರಳಿನ ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ಮಡಿವಾಳಯ್ಯ ಹೇಳಿಕೊಟ್ಟ ಮಾತನ್ನು ಅಕ್ಷರ ಬಿಡದೆ ಹೇಳಿದ. ಮೊಲದ ಹಿಂದೆ ಓಡಲು ಬಿಡುವುದಿಲ್ಲ ಅನ್ನುವಾಗ ದನಿ ಸಣ್ಣಗೆ ನಡುಗಿತು. ಮಡಿವಾಳಯ್ಯನಿಗೆ ಕಣ್ಣು ತುಂಬಿ ಬಂತು. ಈ ಜಾತಿಯ ತಲೆ ಕೊರಳಿಗಿಂತ ಸಣ್ಣದು, ಕೊರಳಪಟ್ಟಿ ಸಡಿಲ ಬಿಟ್ಟರೆ ಜಾರಿಸಿಕೊಂಡು ಹೋಗಿಬಿಡುತ್ತದೆ, ಬಿಗಿಯಾಗಿ ಕಟ್ಟಿ ಅಂತ ತನ್ನ ಕೈಯಿಂದಲೇ ಎರಡು ತೂತು ಬಿಗಿಮಾಡಿ ಕೊಟ್ಟ. ಬಸವೇಶ್ವರಿ ಉಡಿ ತುಂಬಿದಳು. ಕಾರು ಹೋಯಿತು.

ಆಮೇಲೆ ಫೋನಿಗೆ ಫೋಟೋಗಳು ಬರತೊಡಗಿದವು. ಬಿಜಲಿ ಗೋಡೆಯ ಮುಂದೆ ನಿಂತದ್ದು, ಬಿಜಲಿಯ ಮುಂದೆ ಹಾಲಿನ ಬೋಗುಣಿ, ದೀಪಾವಳಿಗೆ ಬಿಜಲಿಯ ಕೊರಳಲ್ಲಿ ಚೆಂಡುಹೂವಿನ ದಪ್ಪ ಹಾರ. ಮಡಿವಾಳಯ್ಯ ಕನ್ನಡಕ ಏರಿಸಿಕೊಂಡು ಓಣಿಯವರಿಗೆಲ್ಲ ತೋರಿಸುತ್ತಿದ್ದ. ಎಲ್ಲ ಫೋಟೋದಲ್ಲೂ ಅದೇ ಗೋಡೆಯಲ್ಲರೀ ಅಂತ ಬಸವೇಶ್ವರಿ ಒಮ್ಮೆ ಕೇಳಿದ್ದಕ್ಕೆ, ಗೋಡೆ ನೋಡಬೇಡ ನಾಯಿ ನೋಡು ಅಂದಿದ್ದ.

ಈ ವರ್ಷದ ಮಾಘದಲ್ಲಿ ಚಾಂದ್ ಬಂದ. ತಂಬಾಕು ಉಗುಳಿ, ಬಾಯಿ ತೊಳೆದು, ಹೇಳಲೋ ಬೇಡವೋ ಅಂತ ತಡವರಿಸಿ, ಕಡೆಗೆ ಹೇಳಿದ. ಕಾಶೀನಾಥನ ಕಾರ್ಖಾನೆಯಲ್ಲಿ ಕಲ್ಲು ತುಂಬಲು ಹೋಗಿದ್ದನಂತೆ, ಬಿಜಲಿಯ ಕೊರಳು ವಾಸನೆ ಬರುತ್ತಿದೆಯಂತೆ. ಮಡಿವಾಳಯ್ಯ ಅವತ್ತು ಹೊರಡಲಿಲ್ಲ. ಕೊಟ್ಟ ಮನೆಗೆ ಹೋಗುವುದು ಹೇಗೆ, ಏನೆಂದು ಕೇಳುವುದು, ಅವರು ತಪ್ಪು ತಿಳಿದರೆ? ಮರುದಿನ ಬಸವೇಶ್ವರಿಯೇ ರೊಟ್ಟಿ ಬುತ್ತಿ ಕಟ್ಟಿ ಕೈಗಿಟ್ಟು ಎಬ್ಬಿಸಿದಳು. ಬೆಳಗಿನ ರೈಲಿಗೆ ವಾಡಿಯಲ್ಲಿ ಇಳಿದ.

ಕಾರ್ಖಾನೆಯ ಅಂಗಳವೆಲ್ಲ ಕಲ್ಲಿನ ಪುಡಿ. ಪಾಲಿಶ್ ಯಂತ್ರದ ನೀರು ಹರಿದು ಒಣಗಿದ ಬಿಳಿಯ ಹೆಪ್ಪು. ಗೋಡೆಗೆ ಹೊಡೆದ ಕಬ್ಬಿಣದ ಬಳೆಗೆ ಸರಪಳಿ, ಸರಪಳಿಯ ತುದಿಗೆ ಬಿಜಲಿ. ಹುಣಸೆಬೀಜದ ಬಣ್ಣ ಎಲ್ಲೂ ಕಾಣುತ್ತಿರಲಿಲ್ಲ, ಮೈಯೆಲ್ಲ ಸುಣ್ಣ ಬಳಿದಂತಿತ್ತು. ಸರಪಳಿ ಎಲ್ಲಿಯವರೆಗೆ ಎಟುಕುತ್ತದೋ ಅಲ್ಲಿಯವರೆಗೆ ನೆಲ ಅರ್ಧ ಸುತ್ತು ಸವೆದು ತಗ್ಗಾಗಿತ್ತು. ಎರಡು ತಿಂಗಳು ಹಾಲು ಅನ್ನ ತಿಂದು ಮೈ ತುಂಬಿದಾಗ ಕೊರಳೂ ತುಂಬಿತ್ತು, ಪಟ್ಟಿ ಮಾತ್ರ ಅದೇ ತೂತಿನಲ್ಲಿತ್ತು. ಚರ್ಮ ಕೊರೆದು ಒಳಗೆ ಇಳಿದಿತ್ತು. ಮೇಲೆ ಕೂದಲು ಮುಚ್ಚಿಕೊಂಡಿತ್ತು. ಬೆರಳಿಟ್ಟು ಸರಿಸಿದರೆ ಹುಳ.

ಕಾಶೀನಾಥ ಕುರ್ಚಿ ತರಿಸಿದ, ಚಹಾ ತರಿಸಿದ, ಕಾಲಿಗೆ ನಮಸ್ಕಾರ ಮಾಡಿದ. ಯಾಕೆ ಒಮ್ಮೆಯೂ ಬಿಚ್ಚಲಿಲ್ಲ ಅಂತ ಮಡಿವಾಳಯ್ಯ ಕೇಳಿದ. ಕಾಶೀನಾಥನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಬಿಚ್ಚೋದು ಹ್ಯಾಂಗ್ರಿ ಅಯ್ಯನೋರೆ? ಮೊಲದ ಹಿಂದ ಓಡ್ಲಿಕ್ಕ ಬಿಡಂಗಿಲ್ಲಂತ ಲಿಂಗ ಮುಟ್ಟೀನಿ. ಈ ಗ್ವಾಡಿ ಹಿಂದ ಪೂರಾ ತೊಗರಿ ಹೊಲ, ಮೊಲ ದಿನಾ ಬರ್ತಾವ. ಪಟ್ಟಿ ಬದಲಿ ಮಾಡೂಣಂತ ಆಳುಗಳು ಅಂದ್ರು, ಬಿಚ್ಚಿದ ಕೂಡ್ಲೇ ಹೋದ್ರ ನನ್ನ ಆಣಿ ಗತಿ ಏನು? ಬಂದ ದಿನದಿಂದ ಇವತ್ತಿನ ತನಕ ಒಂದ್ ಸಲಾನೂ ಬಿಚ್ಚಿಲ್ರಿ. ನಿಮ್ಮ ಮಾತು ಉಳಿಸೀನಿ."

ಅವನ ಮುಖದಲ್ಲಿ ಹೆಮ್ಮೆಯಿತ್ತು. ಬೈಯಬೇಕೆಂದು ಬಂದ ಮಡಿವಾಳಯ್ಯನಿಗೆ ಬೈಯಲು ಯಾರೂ ಸಿಗಲಿಲ್ಲ. ಆಣೆಯ ಮಾತು ತನ್ನದು, ಬಿಗಿ ಮಾಡಿದ ತೂತು ತನ್ನ ಬೆರಳಿನದು. ನಾಯಿ ವಾಪಸು ಬೇಕು ಅಂತಷ್ಟೇ ಹೇಳಿದ. ಉಡಿ ತುಂಬಿ ಕೊಟ್ಟದ್ದನ್ನು ವಾಪಸು ಕೇಳುತ್ತಾರೆಯೇ ಅಂತ ಕಾಶೀನಾಥನಿಗೆ ನೋವಾಯಿತು, ತಪ್ಪೇನು ಹೇಳಿ ಅಂತ ಎರಡು ಮೂರು ಸಲ ಕೇಳಿದ. ಮಡಿವಾಳಯ್ಯ ಚಾಂದ್‌ಗೆ ಫೋನ್ ಮಾಡಿದ. ಚಾಂದ್ ಟೆಂಪೋ ತಂದ.

ಪಟ್ಟಿ ಕತ್ತರಿಸಿ ತೆಗೆಯುವುದಕ್ಕೆ ಒಂದು ಮಧ್ಯಾಹ್ನ ಹಿಡಿಯಿತು. ಹುಳ ತೆಗೆದು, ಗಾಯ ತೊಳೆದು, ಔಷಧ ತುಂಬಿ, ಇನ್ನು ಈ ಕೊರಳಿಗೆ ಎಂದೂ ಏನೂ ಹಾಕುವುದಿಲ್ಲ ಅಂತ ಮಡಿವಾಳಯ್ಯ ಹೇಳಿಕೊಂಡ. ಗಾಯ ಮಾಯತೊಡಗಿತು. ಆದರೆ ಬಿಜಲಿ ಮಲಗುತ್ತಿರಲಿಲ್ಲ. ಹಿಂದೆ ಐದು ತಿಂಗಳು ಇದೇ ಶೆಡ್ಡಿನಲ್ಲಿ ನಾಲ್ಕೂ ಕಾಲು ಚಾಚಿ ಬಿದ್ದುಕೊಳ್ಳುತ್ತಿದ್ದವಳು ಈಗ ಗೋಡೆಗೆ ಭುಜ ಆನಿಸಿ ನಿಂತೇ ಇರುತ್ತಿದ್ದಳು. ಕಾಲು ಸೋತು ಕುಸಿಯುತ್ತಿದ್ದಳು, ಬೆಚ್ಚಿ ಮತ್ತೆ ಏಳುತ್ತಿದ್ದಳು. ಸಳಿಯ ಕಾಲು ಊದಿಕೊಂಡಿತು. ಹಾಸಿಗೆ ಬದಲಿಸಿದರು, ಜಾಗ ಬದಲಿಸಿದರು, ಬಸವೇಶ್ವರಿ ಪಕ್ಕದಲ್ಲೇ ಚಾಪೆ ಹಾಕಿ ಕೂತು ತಟ್ಟಿದಳು. ಒಂಬತ್ತು ದಿನ ಹೀಗೇ ಹೋಯಿತು. ಕಲಬುರಗಿಯ ಡಾಕ್ಟರು ರಕ್ತ ನೋಡಿ, ಉಣ್ಣಿಜ್ವರ ಮೊದಲೇ ಆಗಿ ಹೋಗಿದೆ, ಕಿಡ್ನಿ ಎರಡೂ ಕೆಟ್ಟಿವೆ, ಮೂರು ವಾರವೋ ನಾಲ್ಕೋ, ಅಷ್ಟು ದಿನ ಚೆನ್ನಾಗಿ ಮಲಗಿಸಿ ಅಂದರು. ಅದೊಂದೇ ಆಗುತ್ತಿರಲಿಲ್ಲ.

ಮಡಿವಾಳಯ್ಯ ಉಳಿದ ಹತ್ತು ಮನೆಗಳಿಗೆ ಫೋನ್ ಹಚ್ಚಿದ. ಮೂರು ನಾಯಿ ಸತ್ತು ಯಾವ ಕಾಲವಾಗಿತ್ತೋ. ಒಂದು ಕಡೆ ಎತ್ತಲಿಲ್ಲ. ಉಳಿದ ಆರೂ ಕಡೆಯವರು ಸಂತೋಷದಿಂದ ಮಾತಾಡಿದರು, ಚಿಂತೆ ಮಾಡಬೇಡಿ ಅಯ್ಯನೋರೆ, ಕಟ್ಟಿಯೇ ಇಟ್ಟಿದ್ದೇವೆ ಅಂದರು. ಬಿಚ್ಚಿರಿ ಅಂತ ಆತ ಬೇಡಿಕೊಂಡ. ಆಣೆ ಮಾಡಿಸಿದವರೇ ಹೀಗೆ ಹೇಳುತ್ತಾರಲ್ಲ ಅಂತ ಅವರಿಗೆ ಗಲಿಬಿಲಿಯಾಯಿತು, ಮಠದಲ್ಲಿ ಕೇಳಿ ಹೇಳುತ್ತೇವೆ ಅಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆತ ಫೋನಿಟ್ಟು ಹಿತ್ತಲ ಕಟ್ಟೆಯ ಮೇಲೆ ಮುಖ ಮುಚ್ಚಿಕೊಂಡು ಅತ್ತ. ಬಸವೇಶ್ವರಿ ಸಮಾಧಾನ ಮಾಡಲಿಲ್ಲ.

"ಅತ್ತು ಏನ್ ಮಾಡ್ತೀರಿ. ದಂಡೋತಿಯಾಂವನ ಕಡಿಗರೆ ಒಯ್ರಿ. ಹೋಗೂ ಜೀವ, ಒಂದ್ ಸಲ ಓಡಿ ಹೋಗ್ಲಿ," ಅಂದಳು.

ಆ ಮಾತು ಮಡಿವಾಳಯ್ಯನನ್ನು ಎಬ್ಬಿಸಿ ನಿಲ್ಲಿಸಿತು. ಒಂದು ಸಲ ಓಡಲಿ. ಬೇರೆ ಏನೂ ಬೇಡ. ಸಿದ್ದಣ್ಣನ ಹೊಲದ ಸುತ್ತ ಖಣಿ ಇಲ್ಲ, ಇದ್ದರೂ ಈಗ ಹೆದರಿಕೆ ಯಾತಕ್ಕೆ.

ಚಾಂದ್‌ನ ಟೆಂಪೋದಲ್ಲಿ ಮೂವರೂ ದಂಡೋತಿಗೆ ಹೋದರು, ಮೂವರೆಂದರೆ ನಾಯಿಯೂ ಸೇರಿ. ಹೊತ್ತು ಇನ್ನೂ ಏರುತ್ತಿತ್ತು. ಸಿದ್ದಣ್ಣ ಹೊಲದಲ್ಲಿದ್ದ. ತೊಗರಿ ಕೊಯ್ದು ಆಗಿ ಎರೆನೆಲ ನದಿಯವರೆಗೆ ಬಯಲಾಗಿತ್ತು. ಮಡಿವಾಳಯ್ಯ ಮುಚ್ಚುಮರೆ ಮಾಡಲಿಲ್ಲ, ಆದದ್ದನ್ನೆಲ್ಲ ಹೇಳಿದ. ತಪ್ಪು ನನ್ನದು ತಮ್ಮಾ ಅಂದ. ಸಿದ್ದಣ್ಣ ಬಿಜಲಿಯ ಮುಂದೆ ಕೂತ. ಆಕೆ ಅವನನ್ನು ಗುರುತಿಸಲಿಲ್ಲ. ಕೊರಳಿನ ಗಾಯ ನೋಡಿದ, ಕಣ್ಣಿನ ರೆಪ್ಪೆ ಎತ್ತಿ ನೋಡಿದ, ಎದ್ದು ನಿಂತು ತನ್ನ ಟವೆಲಿನಿಂದ ಮುಖ ಒರೆಸಿಕೊಂಡ. ಬಿಡ್ರಿ ನೋಡೂಣ ಅಂದ.

ಬಿಟ್ಟರು. ಬಿಜಲಿ ನಿಂತಳು. ಗಾಳಿ ನದಿಯ ಕಡೆಯಿಂದ ಬರುತ್ತಿತ್ತು. ಸಿದ್ದಣ್ಣ ನಡೆಯುತ್ತ ಮುಂದೆ ಹೋದ, ಕರೆಯಲಿಲ್ಲ. ಅವನು ಹತ್ತಿರ ಹೋಗುತ್ತಿದ್ದ ಹಾಗೆ ತೊಗರಿ ಕೂಳೆಗಳ ಸಂದಿಯಿಂದ ಮೊಲವೊಂದು ಎದ್ದು ಓಡಿತು, ಇಪ್ಪತ್ತು ಮಾರು ದೂರದಲ್ಲಿ, ಕಣ್ಣೆದುರಿಗೇ. ಬಿಜಲಿಯ ಕಿವಿ ಎದ್ದಿತು. ತೊಡೆಯ ನರಗಳು ಚರ್ಮದಡಿ ಹರಿದಾಡಿದವು. ಮಡಿವಾಳಯ್ಯನಿಗೆ ತಡೆಯಲಾಗಲಿಲ್ಲ.

"ಓಡವ್ವಾ," ಅಂದ. "ಓಡು ನನ್ನವ್ವಾ. ನಾ ಹೇಳ್ತೀನಿ, ಓಡು."

ಆಕೆ ನಾಲ್ಕು ಹೆಜ್ಜೆ ಇಟ್ಟಳು. ಅಲ್ಲಿ ನಿಂತು, ಸರಪಳಿ ಜಗ್ಗಿದ ಹಾಗೆ ಕೊರಳು ಹಿಂದಕ್ಕೆ ಎಳೆದುಕೊಂಡು, ತಿರುಗಿದಳು. ತಿರುಗಿ ನಾಲ್ಕು ಹೆಜ್ಜೆ ಬಂದಳು, ಮತ್ತೆ ತಿರುಗಿದಳು. ಮೊಲ ನದಿಯ ಜಾಲಿಗಳಲ್ಲಿ ಮರೆಯಾದ ಮೇಲೂ ಹಾಗೇ ಹೋಗಿ ಬಂದು ಮಾಡುತ್ತ, ಕಾಲು ಸೋತು ಮುಗ್ಗರಿಸುತ್ತ, ಮತ್ತೆ ಏಳುತ್ತ. ಚಾಂದ್ ಟೆಂಪೋದ ಆ ಕಡೆಗೆ ಹೋಗಿ ನಿಂತುಕೊಂಡ. ಮಡಿವಾಳಯ್ಯ ಆಕೆಯ ಮುಂದೆ ಮೊಳಕಾಲೂರಿ ಕೂತು, ಎರಡೂ ಕೈಯಲ್ಲಿ ಮುಖ ಹಿಡಿದು, ಆಣೆ ಇಲ್ಲ, ಈಗ ಯಾವ ಆಣೆಯೂ ಇಲ್ಲ ಅಂತ ಹೇಳುತ್ತಲೇ ಇದ್ದ. ಆಕೆ ಅವನ ಕೈಯಿಂದ ಮುಖ ಬಿಡಿಸಿಕೊಂಡು ಮತ್ತೆ ನಾಲ್ಕು ಹೆಜ್ಜೆ ಹೋದಳು.

ಸಿದ್ದಣ್ಣ ವಾಪಸು ಬಂದ. ಬಹಳ ಹೊತ್ತು ನೋಡಿದ. ಮಲಗುತ್ತಾಳೇನು ಅಂತ ಕೇಳಿದ. ಬಂದಾಗಿನಿಂದ ಮಲಗಿಲ್ಲ ಅಂತ ಮಡಿವಾಳಯ್ಯ ಹೇಳಿದ.

"ಕಟ್ರಿ ಅದಕ್ಕ," ಅಂದ ಸಿದ್ದಣ್ಣ. "ಕಟ್ಟಿದ್ರ ಮಲಗ್ತದ."

ಮಡಿವಾಳಯ್ಯ ಬೆಚ್ಚಿ ನೋಡಿದ. ಸಿದ್ದಣ್ಣ ಹಂಗಿಸುತ್ತಿರಲಿಲ್ಲ. ನೀನೇ ಕಟ್ಟು, ನೀನೇ ಇಟ್ಟುಕೋ, ಇನ್ನು ಮೂರು ವಾರದ ಮಾತು ಅಂತ ಮಡಿವಾಳಯ್ಯ ಕೈಮುಗಿದ. ಸಿದ್ದಣ್ಣ ಆ ಕೈಗಳನ್ನು ಹಿಡಿದು ಕೆಳಗಿಳಿಸಿದ.

"ನಮ್ಮ ಮನ್ಯಾಗ ನಾಯಿ ಕಟ್ಟೂ ಗೂಟಾನೇ ಇಲ್ರಿ ಅಯ್ಯನೋರೆ. ನಮ್ಮಪ್ಪನೂ ಕಟ್ಟಿಲ್ಲ, ನಾನೂ ಕಟ್ಟಿಲ್ಲ. ನನಗ ಆಗಂಗಿಲ್ಲ. ನೀವು ಕಟ್ರಿ."

ಅಲ್ಲಿಗೆ ಕೇಳುವುದು ಏನೂ ಉಳಿಯಲಿಲ್ಲ. ಮಡಿವಾಳಯ್ಯ ಹೆಗಲ ಮೇಲಿನ ಶಲ್ಯ ತೆಗೆದು, ಕೊರಳು ಬಿಟ್ಟು, ಮುಂಗಾಲುಗಳ ಹಿಂದೆ ಎದೆಗೆ ಸುತ್ತಿ ಗಂಟು ಹಾಕಿದ. ಗಂಟು ಎರಡು ಸಲ ಜಾರಿತು. ಸುತ್ತ ಎಲ್ಲೂ ಮರವಿರಲಿಲ್ಲ, ಕಲ್ಲಿರಲಿಲ್ಲ. ಶಲ್ಯದ ಇನ್ನೊಂದು ತುದಿಯನ್ನು ತನ್ನ ಮುಂಗೈಗೆ ಸುತ್ತಿಕೊಂಡು ನೆಲದ ಮೇಲೆ ಕೂತ.

ಬಿಜಲಿ ಮುಂದಕ್ಕೆ ಹೋದಳು. ಶಲ್ಯ ಬಿಗಿಯಾಯಿತು. ಒಂದು ಸಲ ಎಳೆದು ನೋಡಿದಳು, ಇನ್ನೊಂದು ಸಲ ಎಳೆದಳು. ಆಮೇಲೆ ಉದ್ದಕ್ಕೆ ಉಸಿರು ಬಿಟ್ಟು, ನಿಂತಲ್ಲೇ ಮೂರು ಸುತ್ತು ಸುತ್ತಿ, ಎರೆಮಣ್ಣಿನ ಮೇಲೆ ನಾಲ್ಕೂ ಕಾಲು ಚಾಚಿ ಮಲಗಿದಳು. ಕಣ್ಣು ಮುಚ್ಚಿದವು. ಸಿದ್ದಣ್ಣ ಗುಡಿಸಲಿನಿಂದ ಚರಿಗೆಯಲ್ಲಿ ನೀರು ತಂದು ಪಕ್ಕದಲ್ಲಿಟ್ಟ, ತಲೆಗೆ ಬಿಸಿಲು ಅಂತ ತನ್ನ ಟವೆಲನ್ನು ಮಡಿವಾಳಯ್ಯನಿಗೆ ಹೊದಿಸಿದ. ಚಾಂದ್ ಬಂದು, ಶಹಾಬಾದಿಗೆ ಲೋಡ್ ಇದೆ, ಹೊರಡೋಣವೇ ಅಂತ ಮೆಲ್ಲಗೆ ಕೇಳಿದ. ನಾ ಎದ್ದರೆ ಆಕೆಗೆ ಎಚ್ಚರವಾಗುತ್ತದೆ, ನೀ ಹೋಗು ಅಂತ ಮಡಿವಾಳಯ್ಯ ಹೇಳಿದ.